ಆಟೋ ಹಿಂದೆ ಶಂಕರ್‌ನಾಗ್, ತೊಡೆ ಮೇಲೆ ಮಗು

ಗೋಕಾಕದಿಂದ ಮೂಡಲಗಿಗೆ ಹೋಗುವ ದಾರಿಯಲ್ಲಿ ಒಂದಷ್ಟು ಆಟೋ, ಟಂಟಂಗಳನ್ನು ಹಿಂದೆ ಹಾಕಿದರೆ ಅದರಲ್ಲಿ ಒಂದೆರಡರ ಬೆನ್ನ ಮೇಲಾದರೂ ಶಂಕರ್‌ನಾಗ್ ಸಿಕ್ಕೇ ಸಿಗುತ್ತಾರೆ. ಕುರುಚಲು ಗಡ್ಡ, ತುಂಟ ಕಣ್ಣು. ಗಾಡಿ ಓಡಿಸುವ ಹುಡುಗನಿಗೆ ಇಪ್ಪತ್ತೋ ಇಪ್ಪತ್ತೆರಡೋ ಇರಬೇಕು. ಅವನು ಹುಟ್ಟುವ ಎಷ್ಟೋ ವರ್ಷ ಮೊದಲೇ ಆ ಮನುಷ್ಯ ತೀರಿಹೋಗಿದ್ದಾರೆ. ಆದ್ರೂ ಚಿತ್ರ ಅಂಟಿಸಿದ್ದಾನೆ, ಅಂಟಿಸಿದ ಮೇಲೆ ಅದರ ಸುತ್ತ ಹಳದಿ-ಕೆಂಪು ಪಟ್ಟಿಯನ್ನೂ ಬಳಿಸಿದ್ದಾನೆ.

ಶಂಕರ್‌ನಾಗ್ ಬದುಕಿನ ಕಥೆಯನ್ನು ನಾವೆಲ್ಲ ಒಂದೇ ರೀತಿ ಮುಗಿಸುತ್ತೇವೆ. ಎಷ್ಟು ಕನಸಿದ್ದವು, ವಿಧಿ ಬಿಡಲಿಲ್ಲ, ಹೋಗಿಬಿಟ್ಟ. ಆ ವಿಧಿ ಅನ್ನೋ ಪದದ ಬಗ್ಗೆ ನನಗೆ ತಕರಾರಿದೆ. ಅವರ ಬದುಕನ್ನು ಮತ್ತೊಮ್ಮೆ ಹೇಳಲು ಹೊರಟಿರುವುದು ಅದಕ್ಕೇ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅಪಘಾತಕ್ಕೆ ಸಿಕ್ಕ ಆ ಕಾರಿನಲ್ಲಿ ಅವರೊಬ್ಬರೇ ಇರಲಿಲ್ಲ ಅನ್ನೋದು ಇನ್ನೊಂದು ಕಾರಣ. ಹೆಂಡತಿ ಇದ್ದರು. ಪುಟ್ಟ ಮಗಳೂ ಇದ್ದಳು.

ಮೊದಲಿಂದ ಶುರು ಮಾಡೋಣ.

ಶಂಕರ್ ನಾಗರಕಟ್ಟೆ ಹುಟ್ಟಿದ್ದು 1954ರ ನವೆಂಬರ್ 9ರಂದು, ಉತ್ತರ ಕನ್ನಡದ ಹೊನ್ನಾವರದ ಕಡೆ. ಮನೆಮಾತು ಕೊಂಕಣಿ. ಅಣ್ಣ ಅನಂತ್‌ನಾಗ್. ಓದು ಮುಗಿಸಿ ಮುಂಬೈಗೆ ಹೋದರು, ಅಲ್ಲಿ ಬ್ಯಾಂಕ್ ಕೆಲಸ, ಸಂಜೆಯಾದರೆ ನಾಟಕ. ಆಗಿನ ಮರಾಠಿ ರಂಗಭೂಮಿ ಬಹಳ ಚುರುಕಾಗಿತ್ತು. ಕಡಿಮೆ ರೊಕ್ಕದಲ್ಲಿ, ಕಡಿಮೆ ಸಾಮಾನಿನಲ್ಲಿ, ಹೇಳಿದ ಟೈಮಿಗೆ ನಾಟಕ ಎತ್ತೋದು ಹೇಗೆ ಅಂತ ಅವರು ಕಲಿತದ್ದು ಅಲ್ಲೇ. ಮುಂದೆ ಬೆಂಗಳೂರಿನಲ್ಲಿ ಅವರ ಜೊತೆ ಕೆಲಸ ಮಾಡಿದವರು ಕಂಡ ಅವಸರದ ಮೂಲವೂ ಅಲ್ಲೇ ಇರಬೇಕು. ಜೀವನಸಂಗಾತಿ ಅರುಂಧತಿ ಸಿಕ್ಕಿದ್ದೂ ಮುಂಬೈ ರಂಗಭೂಮಿಯಲ್ಲೇ. ಚಾಪೇಕರ್ ಸೋದರರ ಕುರಿತ ‘22 ಜೂನ್ 1897’ ಎಂಬ ಮರಾಠಿ ಸಿನಿಮಾದ ಬರವಣಿಗೆಯಲ್ಲಿ ಶಂಕರ್ ಕೈ ಇತ್ತು.

ಗಿರೀಶ ಕಾರ್ನಾಡರು 1978ರಲ್ಲಿ ‘ಒಂದಾನೊಂದು ಕಾಲದಲ್ಲಿ’ ಚಿತ್ರಕ್ಕೆ ಕರೆದುಕೊಂಡು ಬಂದರು. ಕೂಲಿಗೆ ಕತ್ತಿ ಹಿಡಿಯುವ ಸಿಪಾಯಿಯ ಪಾತ್ರ. ಮೊದಲ ಕನ್ನಡ ಚಿತ್ರಕ್ಕೇ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಅಲ್ಲಿಂದ ಹನ್ನೆರಡೇ ವರ್ಷ. ಅಷ್ಟರಲ್ಲಿ ಎಂಬತ್ತಕ್ಕೂ ಹೆಚ್ಚು ಸಿನಿಮಾ, ಸಂಕೇತ್ ನಾಟಕ ತಂಡ, ಸಂಕೇತ್ ರೆಕಾರ್ಡಿಂಗ್ ಸ್ಟುಡಿಯೋ, ಟಿವಿ ಧಾರಾವಾಹಿ. ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷದ ಒಡನಾಟ ಬೇರೆ. ಆ ಸಿನಿಮಾಗಳಲ್ಲಿ ಅರ್ಧಕ್ಕರ್ಧ ಸಾಧಾರಣ ಫೈಟಿಂಗ್ ಪಿಕ್ಚರ್‌ಗಳು, ಅದನ್ನು ಒಪ್ಪಿಕೊಳ್ಳಲು ಅಭಿಮಾನಿಗಳಿಗೂ ಬೇಜಾರಿಲ್ಲ. ಆ ಪಿಕ್ಚರ್‌ಗಳ ರೊಕ್ಕವೇ ನಾಟಕಕ್ಕೆ, ಸ್ಟುಡಿಯೋಗೆ ಹೋಯಿತು.

ಅವರ ಕೆಲಸವನ್ನು ಒಟ್ಟಿಗೆ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಎಲ್ಲೆಲ್ಲೂ ಗಾಡಿಗಳು. ನಿರ್ದೇಶಿಸಿದ ಮೊದಲ ಚಿತ್ರ ‘ಮಿಂಚಿನ ಓಟ’ (1980) ಕಾರು ಕದಿಯುವವರ ಕಥೆ. ಅದೇ ವರ್ಷದ ‘ಆಟೋ ರಾಜ’ ಅವರನ್ನು ಕರ್ನಾಟಕದ ಆಟೋ ಚಾಲಕರ ಮನೆಮಗನನ್ನಾಗಿ ಮಾಡಿತು, ಆ ನಂಟು ಇಂದಿಗೂ ಬಿಟ್ಟಿಲ್ಲ. ಬೆಂಗಳೂರಿಗೆ ಮೆಟ್ರೋ ರೈಲು ಬೇಕು ಅಂತ ಎಂಬತ್ತರ ದಶಕದಲ್ಲೇ ಹಟ ಹಿಡಿದು ಓಡಾಡಿದರು ಅನ್ನೋದನ್ನು ಅವರ ಆಪ್ತರು ಇವತ್ತಿಗೂ ನೆನೆಯುತ್ತಾರೆ. ಆ ರೈಲು ಓಡಿದ್ದು 2011ರಲ್ಲಿ. ಊರಿನ ಜನ ಸುರಕ್ಷಿತವಾಗಿ ಒಂದು ಕಡೆಯಿಂದ ಇನ್ನೊಂದು ಕಡೆ ಹೋಗೋದು ಸರ್ಕಾರದ ಕೆಲಸ, ಅವರವರ ಹಣೆಬರಹ ಅಲ್ಲ ಅನ್ನೋ ತಿಳಿವಳಿಕೆ ಸಿನಿಮಾ ನಟನೊಬ್ಬನಿಗೆ ಆಗಲೇ ಇತ್ತು ಅನ್ನೋದನ್ನು ಗಮನಿಸಿ.

ನನಗೆ ಮುಖ್ಯವಾಗಿ ಕಾಣೋದು ‘ಆಕ್ಸಿಡೆಂಟ್’. ಯೂಟ್ಯೂಬ್ ಕಾಲದ ಹುಡುಗರು ‘ಸಾಂಗ್ಲಿಯಾನ’ ನೋಡಿರುತ್ತಾರೆ, ಇದನ್ನು ನೋಡಿರೋದಿಲ್ಲ. ರಾಜಕಾರಣಿಯ ಮಗ ನಶೆಯಲ್ಲಿ ಕಾರು ಓಡಿಸಿ ಫುಟ್‌ಪಾತಿನಲ್ಲಿ ಮಲಗಿದ್ದ ಬಡ ಕೂಲಿಕಾರರ ಮೇಲೆ ಹತ್ತಿಸುತ್ತಾನೆ. ಆಮೇಲೆ ಅಧಿಕಾರ, ರೊಕ್ಕ, ಪೊಲೀಸ್ ಎಲ್ಲ ಸೇರಿ ಅದನ್ನು ಮುಚ್ಚಿಹಾಕಲು ನಿಲ್ಲುತ್ತವೆ. ಬೆನ್ನು ಹತ್ತುವ ಪತ್ರಕರ್ತನ ಪಾತ್ರ ಶಂಕರ್ ಅವರದ್ದು, ರಾಜಕಾರಣಿಯಾಗಿ ಅನಂತ್‌ನಾಗ್. 1984ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಸಾಮಾಜಿಕ ಸಮಸ್ಯೆ ಕುರಿತ ಅತ್ಯುತ್ತಮ ಚಿತ್ರ ಅನ್ನಿಸಿಕೊಂಡಿತು. ಚಿತ್ರದ ಹೆಸರಲ್ಲೇ ಒಂದು ಚುಚ್ಚು ಇದೆ. ನಾವು ಆಕ್ಸಿಡೆಂಟ್ ಅಂತ ಕರೆದು ಕೈತೊಳೆದುಕೊಳ್ಳುವ ಪ್ರತಿಯೊಂದರ ಹಿಂದೆ ಯಾರೋ ಮಾಡಿದ, ಇಲ್ಲವೇ ಮಾಡದೆ ಬಿಟ್ಟ ಕೆಲಸ ಇರುತ್ತದೆ. ಆ ಚಿತ್ರ ತೆಗೆದ ಮನುಷ್ಯನ ಸಾವನ್ನೇ ನಾವು ಮೂವತ್ತೈದು ವರ್ಷದಿಂದ ವಿಧಿಯ ಲೆಕ್ಕಕ್ಕೆ ಬರೆಯುತ್ತಾ ಬಂದಿದ್ದೇವೆ.

ಆಮೇಲೆ ‘ಮಾಲ್ಗುಡಿ ಡೇಸ್’. ಆಗುಂಬೆಯಲ್ಲಿ ಆರ್.ಕೆ. ನಾರಾಯಣರ ಊರು ಕಟ್ಟಿ, ಮಾಸ್ಟರ್ ಮಂಜುನಾಥ್‌ನನ್ನು ಸ್ವಾಮಿಯಾಗಿ ನಿಲ್ಲಿಸಿದರು. ದೊಡ್ಡವರ ಕಣ್ಣೆತ್ತರದಿಂದ ಮಗುವನ್ನು ನೋಡೋದು ಸುಲಭ, ಮಗುವಿನ ಎತ್ತರದಿಂದ ದೊಡ್ಡವರ ಲೋಕವನ್ನು ತೋರಿಸೋದು ಕಷ್ಟ. ಶಂಕರ್ ಎರಡನೆಯದನ್ನು ಮಾಡಿದರು. ಮಕ್ಕಳು ಸಣ್ಣ ಅಳತೆಯ ದೊಡ್ಡವರಲ್ಲ ಅನ್ನೋದು ಆ ಧಾರಾವಾಹಿಯ ಸ್ವಾಮಿಯ ಕಂತುಗಳಲ್ಲಿ ಗೊತ್ತಾಗುತ್ತದೆ. ಈ ಮಾತು ಮುಂದೆ ಮತ್ತೆ ಬೇಕಾಗುತ್ತೆ, ನೆನಪಿಟ್ಟುಕೊಳ್ಳಿ.

ಈಗ ನಮ್ಮ ಕಡೆ ಬರೋಣ. ಹುಕ್ಕೇರಿ ತಾಲೂಕಿನ ಘೋಡಗೇರಿ ಚಂದ್ರಶೇಖರ ಕಂಬಾರರ ಊರು. ಗೋಕಾಕದಲ್ಲಿ ಶಾಲೆ ಕಲಿತ ಕಂಬಾರರು ಈ ನೆಲದ ಹಾಡು, ಬಯಲಾಟ, ಮಾತಿನ ಗತ್ತು ಎಲ್ಲವನ್ನೂ ಎತ್ತಿಕೊಂಡು ‘ಜೋಕುಮಾರಸ್ವಾಮಿ’ ನಾಟಕ ಬರೆದರು. ಭಾದ್ರಪದದಲ್ಲಿ ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಮನೆಮನೆಗೆ ಬರುವ ಜೋಕುಮಾರನನ್ನು ನಮ್ಮ ಅಜ್ಜಿಯರಿಗೆ ಪರಿಚಯ ಮಾಡಿಕೊಡಬೇಕಿಲ್ಲ. ಉಳುವವನದೋ ಗೌಡನದೋ ಭೂಮಿ ಅನ್ನುವ ಜಗಳವನ್ನು ಆ ಏಳು ದಿನದ ಆಯುಷ್ಯದ ದೇವರ ಕಥೆಗೆ ಕಂಬಾರರು ಕಟ್ಟಿದರು. ಅದು ಸಿನಿಮಾ ಆಗಬೇಕಿತ್ತು. ಚಿತ್ರೀಕರಣಕ್ಕೆ ಆರಿಸಿಕೊಂಡಿದ್ದು ಲೋಕಾಪುರ. ಆಗ ಅದು ವಿಜಾಪುರ ಜಿಲ್ಲೆ, ಈಗ ಬಾಗಲಕೋಟೆ. ಮೂಡಲಗಿ ತಾಲೂಕಿನ ಯಾದವಾಡ ದಾಟಿ ಮುಂದೆ ಹೋದರೆ ಸಿಗುವ ಊರು. ನಮ್ಮ ಮನೆಯಂಗಳದ ಕಥೆ, ನಮ್ಮ ಮಗ್ಗುಲ ಊರು.

ಶಂಕರ್, ಅರುಂಧತಿ, ಮಗಳು ಆ ಲೋಕಾಪುರಕ್ಕೆ ಹೊರಟಿದ್ದರು.

ಬೆಂಗಳೂರಿನಿಂದ ಬರುವವರು ಹಿಡಿಯುವ ದಾರಿ ಇದು. ಆಗಿನ ರಾಷ್ಟ್ರೀಯ ಹೆದ್ದಾರಿ 4. ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ ಹಾದು ಹುಕ್ಕೇರಿ ತಾಲೂಕಿನ ಯಮಕನಮರಡಿ, ಸಂಕೇಶ್ವರದ ಮೇಲೆ ಪುಣೆಗೆ ಹೋಗುವ ಅದೇ ರಸ್ತೆ. ಈಗ ಅದರ ನಂಬರ್ 48, ನಡುವೆ ಡಿವೈಡರ್ ಬಂದಿದೆ. ಆಗ ಈ ಡಿವೈಡರ್ ಎಲ್ಲ ಇರಲಿಲ್ಲ. ದಾವಣಗೆರೆ ತಲುಪುವ ಮೊದಲೇ ಆನಗೋಡಿನಲ್ಲಿ ಕಾರು ಲಾರಿಗೆ ಡಿಕ್ಕಿಯಾಯಿತು. ಶಂಕರ್ ಉಳಿಯಲಿಲ್ಲ. ಇನ್ನೂ ಮೂವತ್ತಾರು ತುಂಬಿರಲಿಲ್ಲ. ಅರುಂಧತಿಯವರಿಗೆ ತೀವ್ರ ಪೆಟ್ಟಾಯಿತು, ಚೇತರಿಸಿಕೊಳ್ಳಲು ದೀರ್ಘ ಕಾಲ ಬೇಕಾಯಿತು. ಮಗಳು ಬದುಕಿದಳು.

ಆ ಕಾರಿನಲ್ಲಿ ಯಾರು ಎಲ್ಲಿ ಕೂತಿದ್ದರು, ಯಾರ ತಪ್ಪು ಅಂತ ಕೆದಕುವ ಉದ್ದೇಶ ನನಗಿಲ್ಲ. ಒಂದು ಕುಟುಂಬದ ನೋವದು. ನಾನು ಕೇಳುತ್ತಿರೋದು ಬೇರೆ ಪ್ರಶ್ನೆ. 1990ರಲ್ಲಿ ಈ ದೇಶದಲ್ಲಿ ಒಂದು ಮಗು ಕಾರು ಹತ್ತಿದರೆ ಅದಕ್ಕಾಗಿ ಏನು ವ್ಯವಸ್ಥೆ ಇತ್ತು?

ಏನೂ ಇರಲಿಲ್ಲ. ಕಾರುಗಳ ಮುಂದಿನ ಸೀಟಿಗೆ ಬೆಲ್ಟ್ ಇರಲೇಬೇಕು ಅನ್ನುವ ನಿಯಮ ಜಾರಿಗೆ ಬಂದಿದ್ದು 1994ರಲ್ಲಿ, ಹಿಂದಿನ ಸೀಟಿಗೆ 2002ರಲ್ಲಿ. ಹಾಗಂತ ಜಗತ್ತಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಸ್ವೀಡನ್ನಿನ ಇಂಜಿನಿಯರ್ ನಿಲ್ಸ್ ಬೋಲಿನ್ ವೋಲ್ವೊ ಕಂಪನಿಗಾಗಿ ಮೂರು ಬಿಂದುಗಳ ಸೀಟ್ ಬೆಲ್ಟ್ ರೂಪಿಸಿದ್ದು 1959ರಲ್ಲಿ. ಅಂದರೆ ಶಂಕರ್‌ಗೆ ಐದು ವರ್ಷ ಇದ್ದಾಗ. ಆ ಬೆಲ್ಟು ಮಕ್ಕಳಿಗೆ ಸರಿಯಾಗಿ ಕೂರೋದಿಲ್ಲ ಅಂತ ಗೊತ್ತಾಗಿ, ಮಗುವನ್ನು ಎತ್ತರಿಸುವ ಬೂಸ್ಟರ್ ಸೀಟನ್ನು ಅದೇ ಸ್ವೀಡನ್ನಿನಲ್ಲಿ ಎಪ್ಪತ್ತರ ದಶಕದಲ್ಲೇ ಹೊರತಂದರು. ‘ಮಿಂಚಿನ ಓಟ’ ಬರುವ ಮೊದಲೇ. ತಿಳಿವಳಿಕೆ ಇತ್ತು, ಸಾಮಾನು ಇತ್ತು. ಅದು ನಮ್ಮ ಹೆದ್ದಾರಿಗೆ ಬರಲಿಲ್ಲ, ಅಷ್ಟೇ. ಇದಕ್ಕೆ ವಿಧಿ ಅಂತ ಹೇಗೆ ಹೇಳೋದು?

ಈ ಬೂಸ್ಟರ್ ಸೀಟ್ ಏನು ಮಾಡುತ್ತೆ ಅನ್ನೋದನ್ನು ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಕಾರಿರುವ ಮನೆಗಳಲ್ಲೂ ಇದು ಶ್ರೀಮಂತರ ಶೋಕಿ ಅನ್ನುವ ಭಾವನೆ ಇದೆ.

ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಗಟ್ಟಿ ವಸ್ತುವಿಗೆ ಬಡಿದರೆ, ಅದು ಸುಮಾರು ಹತ್ತು ಮೀಟರ್ ಎತ್ತರದಿಂದ ಬಿದ್ದ ಹಾಗೆ. ಮೂರನೇ ಮಹಡಿ ಅಂತಿಟ್ಟುಕೊಳ್ಳಿ. ಕಾರು ಕಣ್ಣು ಮಿಟುಕಿಸುವುದರೊಳಗೆ ನಿಲ್ಲುತ್ತದೆ, ಒಳಗಿರುವ ಮೈ ಮಾತ್ರ ಅದೇ 50ರಲ್ಲಿ ಮುಂದಕ್ಕೆ ಹೋಗುತ್ತಿರುತ್ತದೆ. ತೊಡೆಯ ಮೇಲೆ 15 ಕೆ.ಜಿ. ತೂಕದ ಮಗು ಇದೆ ಅನ್ನಿ. ಆ ಕ್ಷಣದಲ್ಲಿ ಅದನ್ನು ಹಿಡಿದಿಡಲು ಬೇಕಾದ ಬಲ ಸುಮಾರು ಮೂರು ಕ್ವಿಂಟಲ್ ಭಾರ ಹಿಡಿದಷ್ಟು. ಮೂರು ಗೋವಿನಜೋಳದ ದೊಡ್ಡ ಚೀಲ. ಯಾವ ತಾಯಿಯ ಕೈಗೂ, ಯಾವ ಪೈಲ್ವಾನನ ಕೈಗೂ ಅದು ಸಾಧ್ಯವಿಲ್ಲ. ಅಷ್ಟೇ ಅಲ್ಲ, ಹಿಡಿದುಕೊಂಡ ದೊಡ್ಡವರಿಗೇ ಬೆಲ್ಟ್ ಇಲ್ಲದಿದ್ದರೆ ಅವರ ಪೂರ್ತಿ ತೂಕ ಮಗುವಿನ ಮೇಲೆ ಹೋಗಿ ಅಪ್ಪಳಿಸುತ್ತದೆ. ತೊಡೆ ಮೇಲೆ ಕೂಡ್ರಿಸಿಕೊಂಡರೆ ಮಗು ಸೇಫ್ ಅನ್ನೋದು ನಮ್ಮ ಪ್ರೀತಿ ಹೇಳುವ ಸುಳ್ಳು.

ಸರಿ, ಆರು ವರ್ಷದ ಮಗುವಿಗೆ ಕಾರಿನ ಬೆಲ್ಟನ್ನೇ ಹಾಕಿಬಿಟ್ಟರೆ? ಇಲ್ಲೇ ಮಕ್ಕಳು ಸಣ್ಣ ಅಳತೆಯ ದೊಡ್ಡವರಲ್ಲ ಅನ್ನೋ ಮಾತು ಬರೋದು. ದೊಡ್ಡವರಲ್ಲಿ ಸೊಂಟದ ಬೆಲ್ಟು ಟೊಂಕದ ಗಟ್ಟಿ ಎಲುಬಿನ ಮೇಲೆ ಕೂರುತ್ತದೆ. ಮಗುವಿನ ಆ ಎಲುಬು ಇನ್ನೂ ಬಲಿತಿರೋದಿಲ್ಲ, ಬೆಲ್ಟನ್ನು ತಡೆದು ನಿಲ್ಲಿಸೋ ಏಣು ಅದಕ್ಕಿರೋದಿಲ್ಲ. ಕಾಲು ಗಿಡ್ಡ ಇರೋದರಿಂದ ಮೊಣಕಾಲು ಸೀಟಿನ ಅಂಚಿಗೆ ಬಂದು ಮಡಚೋದಿಲ್ಲ. ಹಾಗಾಗಿ ಮಗು ಮುಂದಕ್ಕೆ ಜಾರಿ ಕೂರುತ್ತದೆ. ಬೆಲ್ಟು ಮೇಲೆ ಸರಿದು ಮೆತ್ತಗಿನ ಹೊಟ್ಟೆ ಮೇಲೆ ಬರುತ್ತದೆ. ಎದೆಯ ಬೆಲ್ಟು ಕುತ್ತಿಗೆಗೆ ತಾಗುತ್ತೆ ಅಂತ ಅದನ್ನು ಕಂಕುಳ ಕೆಳಗೋ ಬೆನ್ನ ಹಿಂದೋ ಹಾಕಿಕೊಳ್ಳುತ್ತದೆ. ಡಿಕ್ಕಿಯಾದಾಗ ಮೈ ಆ ಪಟ್ಟಿಯ ಮೇಲೆ ಎರಡಾಗಿ ಮಡಚಿ ಕರುಳು, ಪಿತ್ತಜನಕಾಂಗ, ಗುಲ್ಮ, ಬೆನ್ನುಹುರಿಗೆ ಪೆಟ್ಟು. ಹೊರಗೆ ನೋಡಿದರೆ ಹೊಟ್ಟೆ ಮೇಲೆ ಒಂದು ಕೆಂಪು ಗೆರೆ ಮಾತ್ರ ಕಾಣುತ್ತೆ.

ಬೂಸ್ಟರ್ ಸೀಟ್ ಅಂದರೆ ಇದಕ್ಕೆ ಸರಳ ಪರಿಹಾರ. ಗಟ್ಟಿಯಾದ ಒಂದು ಮಣೆ ಅಂದುಕೊಳ್ಳಿ, ಕೆಲವಕ್ಕೆ ಬೆನ್ನಿನ ಆಸರೆಯೂ ಇರುತ್ತದೆ. ಅದು ಮಗುವನ್ನು ಎತ್ತರಿಸುತ್ತದೆ, ಪಕ್ಕದ ಕೊಕ್ಕೆಗಳು ಸೊಂಟದ ಬೆಲ್ಟನ್ನು ತೊಡೆಯ ಬುಡದಲ್ಲಿ ಹಿಡಿದಿಡುತ್ತವೆ, ಎದೆಯ ಬೆಲ್ಟು ಭುಜದ ನಡುವೆ ಬರುತ್ತದೆ. ಕಾಪಾಡೋದು ಕಾರಿನ ಬೆಲ್ಟೇ, ಬೂಸ್ಟರ್ ಅದನ್ನು ಸರಿಯಾದ ಜಾಗಕ್ಕೆ ತರುತ್ತದೆ. ಕೂಸುಗಳಿಗೆ ಹಿಂದಕ್ಕೆ ಮುಖ ಮಾಡಿದ ಸೀಟು, ಆಮೇಲೆ ಸ್ವಂತ ಪಟ್ಟಿಗಳಿರುವ ಸೀಟು, ಅದು ಸಾಲದಾದಾಗ ಬೂಸ್ಟರ್. ಸುಮಾರು 145 ಸೆಂಟಿಮೀಟರ್ ಎತ್ತರ ಆಗೋವರೆಗೆ, ಅಂದರೆ ಬಹಳಷ್ಟು ಮಕ್ಕಳಿಗೆ ಹತ್ತು-ಹನ್ನೆರಡು ವರ್ಷದವರೆಗೆ. ಎಲ್ಲವೂ ಹಿಂದಿನ ಸೀಟಿನಲ್ಲೇ. ಅಮೆರಿಕದ ಫಿಲಡೆಲ್ಫಿಯಾ ಮಕ್ಕಳ ಆಸ್ಪತ್ರೆಯ ತಂಡ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಲ್ಕರಿಂದ ಏಳು ವರ್ಷದ ಮಕ್ಕಳಲ್ಲಿ ಬರೀ ಬೆಲ್ಟು ಹಾಕಿದವರಿಗಿಂತ ಬೂಸ್ಟರ್ ಬಳಸಿದವರಿಗೆ ಗಾಯದ ಸಾಧ್ಯತೆ ಶೇ. 59ರಷ್ಟು ಕಡಿಮೆ.

ಕಾನೂನು ಈಗ ನಮ್ಮಲ್ಲೂ ಇದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಸೆಕ್ಷನ್ ಪ್ರಕಾರ, 14 ವರ್ಷದೊಳಗಿನ ಮಗುವನ್ನು ಬೆಲ್ಟಿನಿಂದಲೋ ಮಕ್ಕಳ ಸೀಟಿನಿಂದಲೋ ಭದ್ರಪಡಿಸದೆ ಗಾಡಿ ಓಡಿಸಿದರೆ 1,000 ರೂಪಾಯಿ ದಂಡ. ಈ ದಂಡ ಕಟ್ಟಿದ ಒಬ್ಬರನ್ನಾದರೂ ನೀವು ನೋಡಿದ್ದೀರಾ? ನಾನು ನೋಡಿಲ್ಲ. 2022ರಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಹಿಂದಿನ ಸೀಟಿನಲ್ಲಿದ್ದು ತೀರಿಕೊಂಡಾಗ ದೇಶವೆಲ್ಲ ಒಂದು ವಾರ ಬೆಲ್ಟಿನ ಬಗ್ಗೆ ಮಾತಾಡಿತು. ಅದೇ ವರ್ಷ ರಸ್ತೆಯಲ್ಲಿ ಸತ್ತವರು 1,68,491 ಮಂದಿ, ಅದರಲ್ಲಿ ಬೆಲ್ಟ್ ಹಾಕದೆ ಸತ್ತವರು 16,715 ಅಂತ ಕೇಂದ್ರ ಸಾರಿಗೆ ಇಲಾಖೆಯದ್ದೇ ವರದಿ. ವಾರ ಕಳೆಯಿತು, ಮಾತು ನಿಂತಿತು.

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿಯ ಮಟ್ಟಿಗೆ ಇನ್ನೂ ಒಂದು ತೊಡಕಿದೆ. ಇಲ್ಲಿ ಬಹಳಷ್ಟು ಮಕ್ಕಳು ಕಾರಿನಲ್ಲಿ ಹೋಗೋದೇ ಇಲ್ಲ. ಬೈಕಿನ ಟ್ಯಾಂಕ್ ಮೇಲೆ, ಟಂಟಂನ ಅಂಚಿನಲ್ಲಿ, ಯಲ್ಲಮ್ಮನ ಗುಡ್ಡಕ್ಕೆ ಹೊರಟ ಕ್ರೂಸರ್‌ನ ಅಡ್ಡ ಸೀಟಿನಲ್ಲಿ, ಟ್ರ್ಯಾಕ್ಟರ್ ಡಬ್ಬಿಯಲ್ಲಿ. ಅಡ್ಡ ಸೀಟಿಗೆ ಬೆಲ್ಟೇ ಇಲ್ಲ, ಬೂಸ್ಟರ್ ಎಲ್ಲಿಂದ ಬರಬೇಕು? ಬೈಕಿನಲ್ಲಿ ನಾಲ್ಕು ವರ್ಷದೊಳಗಿನ ಮಗುವಿಗೆ ಹೆಲ್ಮೆಟ್, ಸವಾರನಿಗೆ ಕಟ್ಟುವ ಪಟ್ಟಿ, 40 ಕಿ.ಮೀ. ಮಿತಿ ಅಂತ 2022ರಲ್ಲಿ ನಿಯಮ ಬಂತು. ಅದೂ ಕಾಗದದಲ್ಲೇ ಇದೆ. ಹಾಗಾಗಿ ಬೂಸ್ಟರ್ ಕೊಳ್ಳಿ ಅಂತ ಮಧ್ಯಮವರ್ಗಕ್ಕೆ ಬುದ್ಧಿ ಹೇಳಿ ಲೇಖನ ಮುಗಿಸಿದರೆ ಅದು ಅರ್ಧ ಮಾತು. ಕಾರಿದ್ದವರು ಕೆಲವು ಸಾವಿರ ರೂಪಾಯಿ ಖರ್ಚು ಮಾಡಲಿ, ಗಾಡಿಯ ಸೀಟ್ ಕವರ್‌ಗೆ, ಮ್ಯೂಸಿಕ್ ಸಿಸ್ಟಮ್‌ಗೆ ಅದಕ್ಕಿಂತ ಹೆಚ್ಚು ಸುರಿಯುತ್ತಾರೆ. ಇಲ್ಲದವರ ಮಕ್ಕಳಿಗೆ ಹೊತ್ತಿಗೆ ಸರಿಯಾಗಿ ಬರುವ ಸರ್ಕಾರಿ ಬಸ್ಸೇ ಸುರಕ್ಷಿತ ಸೀಟು. ಮೆಟ್ರೋ ಬೇಕು ಅಂತ ಓಡಾಡಿದ ಶಂಕರ್‌ನ ವಾದವೂ ಹೆಚ್ಚುಕಡಿಮೆ ಅದೇ ತಾನೇ.

ಅರುಂಧತಿ ನಾಗ್ ಬಗ್ಗೆ ಒಂದು ಮಾತು ಹೇಳದಿದ್ದರೆ ಶಂಕರ್ ಕಥೆ ಪೂರ್ತಿಯಾಗಲ್ಲ. ಗಾಯದಿಂದ ಎದ್ದು, ಮಗಳನ್ನು ಬೆಳೆಸಿ, ರಂಗಭೂಮಿಗೆ ಮರಳಿ, 2004ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ‘ರಂಗ ಶಂಕರ’ ತೆರೆದರು. ಅಲ್ಲಿ ಮಕ್ಕಳಿಗಾಗಿಯೇ ನಾಟಕಗಳು ನಡೆಯುತ್ತವೆ. ಆಟ ಶುರುವಾದ ಮೇಲೆ ಬಂದರೆ ಒಳಗೆ ಬಿಡೋದಿಲ್ಲ, ಮಂತ್ರಿಯಾದರೂ ಅಷ್ಟೇ ಅನ್ನೋದು ಆ ಜಾಗದ ಖ್ಯಾತಿ. ಮೊದಮೊದಲು ಜನ ಗೊಣಗಿದರು. ಈಗ ಟ್ರಾಫಿಕ್ ಲೆಕ್ಕ ಹಾಕಿ ಅರ್ಧ ಗಂಟೆ ಮುಂಚೆ ಬಂದು ಕಾಫಿ ಕುಡೀತಾ ನಿಂತಿರುತ್ತಾರೆ.

ಕಬ್ಬಿನ ಹಂಗಾಮು ಬಂತೆಂದರೆ ನಮ್ಮ ರಸ್ತೆಗಳು ಏನಾಗುತ್ತವೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಸಂಕೇಶ್ವರದ ಹಿರಣ್ಯಕೇಶಿ, ಗೋಕಾಕದ ಘಟಪ್ರಭಾ, ಮೂಡಲಗಿ ಕಡೆಯ ಫ್ಯಾಕ್ಟರಿಗಳಿಗೆ ಎರಡೆರಡು ಡಬ್ಬಿ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಸಾಲುಗಟ್ಟುತ್ತವೆ. ಟೈರ್ ಪಂಕ್ಚರ್ ಆದರೆ ಅಲ್ಲೇ ರಸ್ತೆ ನಡುವೆ ನಿಲ್ಲುತ್ತವೆ, ಹಿಂದೆ ಒಂದು ಕೆಂಪು ದೀಪವಿಲ್ಲ, ರಿಫ್ಲೆಕ್ಟರ್ ಪಟ್ಟಿಯಿಲ್ಲ. ಹಿಂದಿನಿಂದ ಮದುವೆ ಮುಗಿಸಿ ಬರುವ ಕಾರು. ಮುಂದಿನ ಸೀಟಿನಲ್ಲಿ ಅಪ್ಪನ ಪಕ್ಕ ಅಮ್ಮ, ಅಮ್ಮನ ತೊಡೆ ಮೇಲೆ ನಿದ್ದೆ ಹೋದ ಮಗು, ಅದರ ಮುಖದಿಂದ ಒಂದು ಗೇಣು ದೂರದಲ್ಲಿ ಏರ್‌ಬ್ಯಾಗ್. ಹಂಗಾಮು ಶುರುವಾಗುವ ಮೊದಲು ಪ್ರತಿ ಡಬ್ಬಿಗೂ ರಿಫ್ಲೆಕ್ಟರ್ ಹಾಕಿಸದೆ ಫ್ಯಾಕ್ಟರಿ ಗೇಟಿನೊಳಗೆ ಬಿಡಬಾರದು ಅಂತ ನಾವು ಕೇಳಬಹುದು. ಕೆಎ-49 ನಂಬರ್ ಕೊಡುವ ಗೋಕಾಕದ ಆರ್‌ಟಿಒ ಕಚೇರಿಯಲ್ಲಿ ಹೊಸ ಕಾರಿನ ನೋಂದಣಿಗೆ ಬಂದವರಿಗೆ ಮಕ್ಕಳ ಸೀಟಿನ ಕಾಯ್ದೆಯನ್ನು ಕನ್ನಡದಲ್ಲಿ ಬರೆದ ಒಂದು ಹಾಳೆ ಕೊಡಿ ಅಂತಲೂ ಕೇಳಬಹುದು. ವೋಟು ಕೇಳಲು ಬರುವವರಲ್ಲಿ ಸಕ್ಕರೆ ಫ್ಯಾಕ್ಟರಿಯ ನಂಟಿರುವವರು ನಮ್ಮ ಕಡೆ ಕಡಿಮೆಯೇನಿಲ್ಲ, ಅವರ ಮುಂದೆ ಈ ಎರಡು ಬೇಡಿಕೆ ಇಡೋದಕ್ಕೆ ಬೆಂಗಳೂರಿಗೆ ಹೋಗಬೇಕಾಗಿಲ್ಲ.